ಮೇಸ್ತ್ರಿ ಬಿದ್ದ ದಿನದ ಗಾಳಿ

ಹೊಸ ಸೇಫ್ಟಿ ಬೆಲ್ಟಿಗೆ ಒಂದು ವಾಸನೆ ಇರುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹಿಂದಿನ ದಿನ ಕೊಂಡು ತಂದ ಬ್ಯಾಗಿನ ವಾಸನೆಯಂಥದು. ನೈಲಾನು, ಪ್ಲಾಸ್ಟಿಕ್ ಕವರು, ಒಂದಿಷ್ಟು ಭಯ. ಹೋದ ವಾರ ಶಿವಾಜಿನಗರದ ಹಾರ್ಡ್‌ವೇರ್ ಗಲ್ಲಿಯಲ್ಲಿ ಅಂಗಡಿಯ ಭಾಯಿ ಒಂದು ಬೆಲ್ಟಿನ ಕವರು ಹರಿದು ಕೌಂಟರಿನ ಮೇಲೆ ಹರಡಿದಾಗ ಆ ವಾಸನೆ ನೇರವಾಗಿ ಮೂಗಿಗೆ ಬಂತು.

"ಡಬಲ್ ಹುಕ್ ಹೈ ಸಾಬ್. ಆನೆ ಕಟ್ಟಿದ್ರೂ ತಡ್ಕೊಳ್ತೈತೆ," ಎಂದ ಭಾಯಿ.

"ಆನೆಗೆ ವೆಲ್ಡಿಂಗ್ ಬರಲ್ವಲ್ಲ ಭಾಯ್," ಎಂದೆ ನಾನು, ಅವನದೇ ದನಿಯಲ್ಲಿ, ಅವನ ಹಾಗೆಯೇ ಎಡಗಣ್ಣು ಕಿರಿದು ಮಾಡಿ. ಅವನಿಗೆ ನಗು ಬರಲಿಲ್ಲ. ಯಾರಿಗೂ ತಮ್ಮ ದನಿ ಬೇರೆಯವರ ಬಾಯಲ್ಲಿ ಕೇಳಿದರೆ ಮೊದಲ ಸಲ ನಗು ಬರುವುದಿಲ್ಲ. ಇದು ನನ್ನ ಕಸುಬಿನ ಅನುಭವ.

ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಬೆಲ್ಟಿನ ಪಟ್ಟಿಯನ್ನು ಎತ್ತಿ, ಹೆಬ್ಬೆರಳಿನ ಮೇಲೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡತೊಡಗಿತ್ತು. ಕವರಿನಿಂದ ಆಗ ತಾನೇ ಹೊರಬಂದ ಬೆಲ್ಟನ್ನು ಯಾರೂ ಹಾಗೆ ನೋಡುವುದಿಲ್ಲ. ಒಬ್ಬರು ನೋಡುತ್ತಿದ್ದರು...

ನನ್ನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಸರಿಯಾಗಿ ಕೂರುವುದಿಲ್ಲ. ನಾನು ಮಿಮಿಕ್ರಿ ಮಾಡುವವನು. ಮೆಟ್ರೋದಲ್ಲಿ ಬಾಗಿಲು ಮುಚ್ಚುತ್ತಿದೆ ಎಂದು ಹೇಳುವ ಹೆಂಗಸಿನಿಂದ ಹಿಡಿದು, ನೀರಿನ ಮೋಟರು ಆಫ್ ಮಾಡದ ಬಾಡಿಗೆದಾರರ ಮೇಲೆ ಕೂಗಾಡುವ ನಮ್ಮಪ್ಪನವರೆಗೆ ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನ ಸ್ವಂತ ದನಿ ಮಾತ್ರ ಪಂಕ್ಚರ್ ಆದ ಸೈಕಲ್ ಟ್ಯೂಬಿನದು. ಅದನ್ನು ಮನೆಯಲ್ಲಿ ಮಾತ್ರ ಬಳಸುತ್ತೇನೆ, ಅಲ್ಲೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಮ್ಮದು ಕಗ್ಗದಾಸಪುರದ ಹಳೆಯ ಮನೆತನ. ತಾತ ರಾಗಿ ಬೆಳೆದ ಜಾಗದಲ್ಲಿ ಅಪ್ಪ ರೂಮು ಬೆಳೆದರು. ರಾಗಿಗಿಂತ ರೂಮಿನ ಫಸಲು ಚೆನ್ನಾಗಿ ಬಂತು. ಆ ರೂಮುಗಳಲ್ಲಿ ಒಂದರಲ್ಲಿ, ನೀರಿನ ಸಂಪಿನ ಪಕ್ಕದ್ದರಲ್ಲಿ, ಮೇಸ್ತ್ರಿ ಮತ್ತು ಅವರ ಹೆಂಡತಿ ಇದ್ದರು. ರಾಯಚೂರು ಕಡೆಯವರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೇಸ್ತ್ರಿ ದೊಡ್ಡ ದೊಡ್ಡ ಶೆಡ್ಡುಗಳಿಗೆ ಕಬ್ಬಿಣದ ಕಂಬ, ಬೀಮು ನಿಲ್ಲಿಸಿ ವೆಲ್ಡಿಂಗ್ ಮಾಡುವ ಒಂದು ತಂಡದ ಮುಖ್ಯಸ್ಥ. ನನ್ನ ಡಿಪ್ಲೊಮಾ ಅರ್ಧ ದಾರಿಯಲ್ಲಿ ಕೆಟ್ಟು ನಿಂತಾಗ ಅಪ್ಪ ಅವರನ್ನು ಕರೆದು, "ಇವನ್ನ ಎಲ್ಲಾದ್ರೂ ಹಾಕ್ಕೊಳ್ರೀ, ಮನೇಲಿದ್ರೆ ನನ್ನನ್ನೇ ಅಣಕಿಸ್ತಾನೆ," ಎಂದರು. ಹೀಗೆ ನಾನು ಅವರ ತಂಡದಲ್ಲಿ ಅಳತೆ ಹಿಡಿದು ಗುರುತು ಹಾಕುವ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಅವರು ನಮ್ಮ ಬಾಡಿಗೆದಾರರು, ಸೈಟಿನಲ್ಲಿ ನಾನು ಅವರ ಕೈಕೆಳಗಿನವನು. ಈ ಎರಡಕ್ಕೂ ಹೊಂದುವಂತೆ ಅವರು ನನ್ನನ್ನು "ಸಣ್ಣ ಓನರ್ರೇ" ಎಂದು ಕರೆಯುತ್ತಿದ್ದರು. ಆ "ರೇ"ಯಲ್ಲಿ ಎಷ್ಟು ಮರ್ಯಾದೆ, ಎಷ್ಟು ಗೇಲಿ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಗಿಡ್ಡ ಮನುಷ್ಯ. ದಪ್ಪ ಮೀಸೆ, ಅದರ ಬಲತುದಿ ಯಾವಾಗಲೋ ಕಿಡಿ ಹಾರಿ ಸುಟ್ಟುಹೋಗಿ ಮತ್ತೆ ಸರಿಯಾಗಿ ಬೆಳೆದಿರಲೇ ಇಲ್ಲ. ಮಾತಿಗೆ ಮುಂಚೆ ಗಂಟಲಿನಲ್ಲಿ ಒಂದು "ಹ್ಞಾಂ..." ಬರುತ್ತಿತ್ತು, ಹಳೆ ಲಾರಿ ಸ್ಟಾರ್ಟ್ ಆಗುವ ಹಾಗೆ. ಮಿಮಿಕ್ರಿ ಮಾಡುವವನಿಗೆ ಇಂಥವರು ದೇವರು ಕೊಟ್ಟ ವರ. ಸೇರಿದ ವಾರದಲ್ಲೇ ನಾನು ಅವರನ್ನು ಪೂರ್ತಿ ಕಲಿತುಬಿಟ್ಟಿದ್ದೆ.

ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಎಲ್ಲ ಸೈಟುಗಳಲ್ಲೂ ಹೀಗೊಂದು ಮೀಟಿಂಗ್ ಇರುತ್ತದೆ. ಹೆಚ್ಚಿನ ಕಡೆ ಅದು ಆಕಳಿಸುವ ಸಮಯ. ಮೇಸ್ತ್ರಿ ಮಾತ್ರ ಭಾಷಣ ಮಾಡುತ್ತಿರಲಿಲ್ಲ. ಒಬ್ಬೊಬ್ಬನ ಮುಂದೆಯೂ ನಿಂತು, "ಹ್ಞಾಂ... ಬೆಲ್ಟ್ ತೋರ್ಸಪಾ," ಎನ್ನುತ್ತಿದ್ದರು. ಆಮೇಲೆ ಪಟ್ಟಿಯನ್ನು ಹೆಬ್ಬೆರಳಿನ ಮೇಲೆ ಬಗ್ಗಿಸುತ್ತಾ, ಮಾರುಕಟ್ಟೆಯಲ್ಲಿ ಹೆಂಗಸರು ಸೊಪ್ಪಿನ ಕಟ್ಟು ಬಿಡಿಸಿ ನೋಡುವ ಹಾಗೆ, ಇಂಚಿಂಚೂ ನೋಡುತ್ತಿದ್ದರು.

"ಏನ್ ಹುಡುಕ್ತೀರಾ ಮೇಸ್ತ್ರಿ, ಹೇನಾ?" ಎಂದು ಒಮ್ಮೆ ಕೇಳಿದ್ದೆ.

"ಕಿಡಿ ತಿಂದೈತೇನು ಅಂತ ನೋಡಾಕತ್ತೀನಿ. ಕಿಡಿ ಹಸ್ದಿರ್ತೈತಿ ತಮ್ಮಾ. ಕಬ್ಬಿಣ ತಿನ್ನಾಕ ಆಗಂಗಿಲ್ಲ ಅದಕ್ಕ. ಇದನ್ನ ತಿಂತೈತಿ."

ನನ್ನ ಬೆರಳು ಹಿಡಿದು ಒಂದು ಕಡೆ ಒತ್ತಿಸಿದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಮಾತ್ರ ಒಂದು ಸಣ್ಣ ಗಟ್ಟಿ ಕಾಳು ಸಿಕ್ಕಿತು. ವೆಲ್ಡಿಂಗಿನ ಕಿಡಿ ಬಿದ್ದು ನೈಲಾನು ಕರಗಿ ಗಟ್ಟಿಯಾದ ಜಾಗ. ಮೇಲಿಂದ ಮನುಷ್ಯ ಜಾರಿದರೆ ಪಟ್ಟಿ ಹರಿಯುವುದು ಅಲ್ಲಿಂದಲೇ. ಅಂಥ ಬೆಲ್ಟನ್ನು ಅವರು ಆ ಕ್ಷಣವೇ ಕಸಿದುಕೊಳ್ಳುತ್ತಿದ್ದರು. ಹಾಕಿಕೊಂಡವನು ಎಷ್ಟು ಗೋಗರೆದರೂ ಮೇಲೆ ಬಿಡುತ್ತಿರಲಿಲ್ಲ. ಕಸಿದುಕೊಂಡದ್ದನ್ನು ನಿಯಮದ ಪ್ರಕಾರ ಕತ್ತರಿಸಿ ಎಸೆಯಬೇಕು. ಆದರೆ ನಮ್ಮಲ್ಲಿ ಏನನ್ನಾದರೂ ಎಸೆಯುವುದುಂಟೇ? ಹಳೆ ಸೀರೆ ಕೌದಿಯಾಗುತ್ತದೆ, ಹಳೆ ಬೆಲ್ಟು ಟೆಂಪೋದಲ್ಲಿ ಕಬ್ಬಿಣದ ಕಟ್ಟು ಬಿಗಿಯುವ ಹಗ್ಗವಾಗುತ್ತದೆ. ನಮ್ಮ ಟೆಂಪೋದಲ್ಲೂ ಅಂಥವು ಒಂದೆರಡು ಯಾವಾಗಲೂ ಬಿದ್ದಿರುತ್ತಿದ್ದವು.

ತಂಡದಲ್ಲಿ ಬೆಲ್ಟು ಯಾರಿಗೂ ಇಷ್ಟವಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಗೊಣಗುತ್ತಿದ್ದವನು ಹಲಸೂರಿನ ಒಬ್ಬ ವೆಲ್ಡರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. "ಅಯ್ಯೋ ಕಡವುಳೇ, ಮದುವೆ ಗಂಡಿಗೂ ಇಷ್ಟು ಅಲಂಕಾರ ಮಾಡಲ್ಲಪ್ಪಾ," ಎನ್ನುತ್ತಿದ್ದ. ಆದರೂ ಹಾಕಿಕೊಳ್ಳುತ್ತಿದ್ದ. ಎಲ್ಲರೂ ಹಾಕಿಕೊಳ್ಳುತ್ತಿದ್ದರು. ಯಾಕೆಂದರೆ ಮೇಸ್ತ್ರಿ ತಾವು ಹಾಕಿಕೊಳ್ಳದೆ ಒಂದು ಏಣಿಯನ್ನೂ ಹತ್ತಿದವರಲ್ಲ. ಅವರ ಮಾತು ನಡೆಯುತ್ತಿದ್ದದ್ದು ಅಷ್ಟರ ಮೇಲೆಯೇ. ಬೇರೆ ಯಾವ ಅಧಿಕಾರವೂ ಅವರಿಗಿರಲಿಲ್ಲ.

ಊಟದ ಹೊತ್ತಿನಲ್ಲಿ ನಾನು ಅವರ ಮೀಟಿಂಗನ್ನು ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದೆ. ಹಲಸೂರಿನವನ ಲುಂಗಿಯನ್ನೇ ಬೆಲ್ಟಿನಂತೆ ಬಗ್ಗಿಸಿ ನೋಡಿ, "ಹ್ಞಾಂ... ಇದನ್ನ ಕಿಡಿ ಅಲ್ಲಪಾ, ಇಲಿ ತಿಂದೈತಿ," ಎನ್ನುತ್ತಿದ್ದೆ. ಮೇಸ್ತ್ರಿ ರೊಟ್ಟಿ ಮುರಿಯುತ್ತಾ ದೂರದಿಂದ ನೋಡಿ ನಗುತ್ತಿದ್ದರು. ಮೊದಲ ಸಲವೇ ನಕ್ಕವರು ಅವರೊಬ್ಬರೇ.

ಆಯುಧಪೂಜೆ ಬಂತು. ಕೆ.ಆರ್. ಪುರದ ಹತ್ತಿರ ನಮ್ಮ ವರ್ಕ್‌ಶಾಪು. ಬೇರೆಯವರು ಪೂಜೆಗೆ ಮಷಿನ್ನು ಇಡುತ್ತಾರೆ, ಗಾಡಿ ಇಡುತ್ತಾರೆ. ಮೇಸ್ತ್ರಿ ಮೊದಲ ಸಾಲಿನಲ್ಲಿ ಬೆಲ್ಟುಗಳನ್ನು ಇಡಿಸಿದರು. ಸೈಟಿನಲ್ಲಿದ್ದ ಒಳ್ಳೆಯ ಬೆಲ್ಟುಗಳನ್ನೆಲ್ಲ ತರಿಸಿ, ಒರೆಸಿ, ಮಡಿಸಿ, ಬಾಳೆಎಲೆಯ ಮೇಲೆ ಸಾಲಾಗಿ ಜೋಡಿಸಿದರು. ಹಿಂದಿನ ಸಾಲಿನಲ್ಲಿ ಗ್ರೈಂಡರು, ಕಟ್ಟಿಂಗ್ ಮಷಿನ್ನು.

"ಮಷಿನ್ ಕೆಟ್ರ ರಿಪೇರಿ ಐತಿ. ಮೊದಲು ಇದಕ್ಕ ಕೈ ಮುಗೀರಿ," ಎಂದರು.

ಅಕ್ಕ ಪ್ರತಿ ಹುಕ್ಕಿಗೂ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಸಿಕ್ಕಿಸಿ, ಮುಂದೆ ದೀಪ ಹಚ್ಚಿಟ್ಟರು. ಬೂದುಗುಂಬಳ ಒಡೆದದ್ದಾಯಿತು, ಕಡ್ಲೆಪುರಿ ಹಂಚಿದ್ದಾಯಿತು. ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಗ್ಗೆ ಮತ್ತೆ ಕೈಮುಗಿದೇ ಎತ್ತಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಇದು ಅಕ್ಕನ ಕಟ್ಟುನಿಟ್ಟು. ಹುಡುಗರು ಪುರಿಯ ಪೊಟ್ಟಣ ಹಿಡಿದು ಮನೆಗೆ ಹೊರಟರು. ನಾನು ಹೋಳಿಗೆಯ ಆಸೆಗೆ ಉಳಿದೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಮಳೆ ಇನ್ನೂ ಬಂದಿರಲಿಲ್ಲ, ಬರೀ ಗಾಳಿ. ಸೈಟಿನ ವಾಚ್‌ಮನ್ನನ ಫೋನು ಬಂದದ್ದು ಆಗ. ಹಿಂದಿನ ದಿನ ಹಬ್ಬದ ಅವಸರದಲ್ಲಿ ಒಂದು ಬೀಮಿನ ತುದಿಗೆ ಪೂರ್ತಿ ವೆಲ್ಡಿಂಗ್ ಮಾಡಿರಲಿಲ್ಲ. ಟ್ಯಾಕ್ ಮಾತ್ರ ಹಾಕಿದ್ದರು, ಅಂದರೆ ಹೊಲಿಗೆಗೆ ಮುಂಚೆ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಎರಡು ಚುಕ್ಕೆ ಬೆಸುಗೆ. ಅಷ್ಟರಲ್ಲಿ ಕರೆಂಟು ಹೋಗಿ ಎಲ್ಲರೂ ಇಳಿದಿದ್ದರು. ಈಗ ಗಾಳಿಗೆ ಆ ಬೀಮು ಅಲ್ಲಾಡುತ್ತಿದೆ, ಸದ್ದು ಮಾಡುತ್ತಿದೆ ಎಂದ ವಾಚ್‌ಮನ್.

ಮೇಸ್ತ್ರಿ ಕೈಯಲ್ಲಿದ್ದ ಹೋಳಿಗೆ ತಟ್ಟೆಯಲ್ಲಿಟ್ಟರು. ಆ ಬೀಮು ಕಾಂಪೌಂಡಿನ ಅಂಚಿನದು. ಗೋಡೆಯಾಚೆ ಶೀಟಿನ ಮನೆಗಳ ಸಾಲು, ಹಬ್ಬವಾದ್ದರಿಂದ ಎಲ್ಲ ಮನೆಗಳಲ್ಲೂ ಜನ. ಇಬ್ಬರೂ ಟೆಂಪೋ ಹತ್ತಿದೆವು.

ಸೈಟಿನಲ್ಲಿ ಇಳಿದ ಮೇಸ್ತ್ರಿ ಮೊದಲು ವಾಚ್‌ಮನ್ನನನ್ನು ಗೋಡೆಯಾಚೆ ಓಡಿಸಿ ಜನರನ್ನು ಹೊರಗೆ ಕರೆಯಲು ಹೇಳಿದರು. ಕೆಲವರು ಬಂದರು. ಹೆಚ್ಚಿನವರು ಬಾಗಿಲಲ್ಲಿ ನಿಂತು ಮೇಲೆ ನೋಡಿ, ಒಲೆಯ ಮೇಲೆ ಎಣ್ಣೆ ಇದೆ ಎಂದು ಒಳಗೆ ಹೋದರು. ಬೀಮು ಒಮ್ಮೆ ಕಿರ್ರೆಂದಿತು. ವೆಲ್ಡಿಂಗ್ ಸೆಟ್ಟೊಂದು, ಬೆಸುಗೆಯ ರಾಡುಗಳು ಸೈಟಿನಲ್ಲೇ ಇದ್ದವು, ಕರೆಂಟೂ ಬಂದಿತ್ತು. ಬೆಲ್ಟು ಇರಲಿಲ್ಲ. ಎಲ್ಲ ಬೆಲ್ಟುಗಳೂ ದೀಪದ ಮುಂದೆ ಕುಂಕುಮ ಹಚ್ಚಿಕೊಂಡು ಮಲಗಿದ್ದವು. ಮೇಸ್ತ್ರಿ ಟೆಂಪೋದ ಹಿಂದೆ ಹೋಗಿ ಕಬ್ಬಿಣ ಕಟ್ಟುವ ಹಳೆಯ ಬೆಲ್ಟೊಂದನ್ನು ಬಿಚ್ಚಿ ತಂದು ಸೊಂಟಕ್ಕೆ ಸಿಕ್ಕಿಸತೊಡಗಿದರು.

ನಾನು ಏಣಿಗೆ ಅಡ್ಡ ನಿಂತೆ. ಅವರ ಮುಖಕ್ಕೆ ಮುಖ ಕೊಟ್ಟು, ಅವರದೇ ಗಂಟಲಿನಲ್ಲಿ, "ಹ್ಞಾಂ... ಬೆಲ್ಟ್ ತೋರ್ಸಪಾ," ಎಂದೆ.

ಅವರು ನಕ್ಕುಬಿಟ್ಟರು. "ನಂದು ನನಗ ತೋರ್ಸ್ತೀಯೇನಲೇ?"

"ಮೇಸ್ತ್ರಿ, ತಮಾಷೆ ಅಲ್ಲ. ವಾಪಸ್ ಹೋಗಿ ಒಳ್ಳೇದು ತಂದ್ಬಿಡ್ತೀನಿ, ಇರಿ."

"ಆಕಿ ದೀಪ ಹಚ್ಯಾಳ. ದೀಪದ ಮುಂದಿಂದು ಎತ್ಕೊಂಡು ಬಂದ್ರ ಹಬ್ಬದ ದಿನ ಆಕಿ ಮನಸ್ಸು ಏನಾಗ್ಬೇಕು? ನೀ ಹೋಗಿ ಬರೂದ್ರಾಗ ಇದೂ ನಿಲ್ಲಂಗಿಲ್ಲ." ಮೇಲೆ ನೋಡಿದರು. "ಎರಡು ರಾಡಿನ ಕೆಲಸ. ನೀ ಸ್ವಿಚ್ ಕಡೆ ನಿಲ್ಲು, ನಾ ಅಂದ ಕೂಡ್ಲೆ ಆನ್ ಮಾಡು."

ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹತ್ತಿದರು.

ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ಚಪ್ಪಟೆ ಪಾದಗಳು, ಗಾಳಿಗೆ ಉಬ್ಬಿದ ಅಂಗಿ, ಆಮೇಲೆ ಆ ನೀಲಿ ಬೆಳಕು. ಕಿಡಿಗಳು ಗಾಳಿಗೆ ಓರೆಯಾಗಿ ಹಾರಿ ಬಂದು ಮಣ್ಣಿನಲ್ಲಿ ಸಾಯುತ್ತಿದ್ದವು. ಬೀಮು ಸುಮ್ಮನಾಯಿತು. ಗೋಡೆಯಾಚೆ ಯಾರೋ ಟಿವಿ ಜೋರು ಮಾಡಿದರು. ಮೇಸ್ತ್ರಿ ಮುಖವಾಡ ಎತ್ತಿ ನನ್ನ ಕಡೆ ನೋಡಿ ಕೈಯಾಡಿಸಿದರು, ಆಫ್ ಮಾಡು ಎಂದು. ಮಾಡಿದೆ. ಇಳಿಯಲು ತಿರುಗುವಾಗ ಗಾಳಿ ಇನ್ನೊಮ್ಮೆ ಬಂತು. ಕಾಲು ಜಾರಿತು. ಬೆಲ್ಟು ಅವರನ್ನು ಹಿಡಿಯಿತು. ನಿಜವಾಗಿ ಹಿಡಿಯಿತು, ಒಂದು ಕ್ಷಣ ಅವರು ಗಾಳಿಯಲ್ಲಿ ನಿಂತರು. ಆಮೇಲೆ ಪಟ್ಟಿ ಹರಿಯಿತು. ದೊಡ್ಡ ಸದ್ದೇನಲ್ಲ, ಹಳೆ ಸೀರೆ ಹರಿದಷ್ಟೇ...

ಜೀವ ಉಳಿಯಿತು. ಕಾಲೂರಿ ಬಿದ್ದಿದ್ದರಿಂದ ಎರಡೂ ಹಿಮ್ಮಡಿ ಪುಡಿಯಾಗಿದ್ದವು. ಆಸ್ಪತ್ರೆಯಲ್ಲಿ ಡಾಕ್ಟರು ನಡೆಯಬಹುದು ಎಂದರು, ಹತ್ತುವುದನ್ನು ಮರೆತುಬಿಡಿ ಎಂದರು. ವಾರ್ಡಿನ ಬಾಗಿಲಲ್ಲಿ ಅಕ್ಕ ಕುಳಿತಿದ್ದರು. ಕೈಯಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು.

"ನಾ ದೀಪ ಹಚ್ಚಬಾರ್ದಾಗಿತ್ತು," ಎಂದರು. ಯಾರಿಗೆ ಹೇಳಿದರೋ.

ರೂಮಿಗೆ ಬಂದ ಮೇಲೆ ಮೇಸ್ತ್ರಿ ಮಂಚ ಹಿಡಿದರು. ಸಂಜೆ ಅಕ್ಕ ದೇವರ ಮುಂದೆ ದೀಪ ಹಚ್ಚುವಾಗ ಗಂಡನ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಮೇಸ್ತ್ರಿ ಒಮ್ಮೆಯೂ ಆಕೆಗೆ ಏನೂ ಅಂದದ್ದನ್ನು ನಾನು ಕೇಳಿಲ್ಲ. ಅದೇ ಆಕೆಗೆ ಹೆಚ್ಚು ಭಾರವಾಗಿತ್ತೋ ಏನೋ.

ಸೈಟಿನಲ್ಲಿ ಮಾತ್ರ ಬೇರೆಯದೇ ಶುರುವಾಗಿತ್ತು. ಮೇಸ್ತ್ರಿ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಯಾವ ಬೆಲ್ಟಿನಲ್ಲಿ ಎಂದು ಯಾರೂ ವಿಚಾರಿಸಲಿಲ್ಲ. ಪೂಜೆಯ ದಿನ ರಾಡು ಮುಟ್ಟಿದ್ದಕ್ಕೆ ದೇವಿ ಕೆಡವಿದಳು ಎಂದು ಅರ್ಧ ಜನ. ಉಳಿದ ಅರ್ಧಕ್ಕೆ ಹಲಸೂರಿನವನು ಗುರು. "ಊರಿಗೆಲ್ಲಾ ಬೆಲ್ಟ್ ಬೆಲ್ಟ್ ಅಂತಿದ್ರಪ್ಪಾ, ಬೆಲ್ಟ್ ಹಾಕ್ಕೊಂಡವರೇ ಬಿದ್ದಿಲ್ವಾ? ಹಾಕ್ಕೊಂಡ್ರೂ ಬೀಳ್ತೀವಿ, ಬಿಟ್ರೂ ಬೀಳ್ತೀವಿ, ಬೆವರು ಯಾಕೆ ಸುಮ್ನೆ?" ನಾನು ಟೆಂಪೋದ ಹಳೇ ಬೆಲ್ಟಿನ ಕಥೆ ಹೇಳಿದೆ, ಗಾಳಿಯ ಕಥೆ ಹೇಳಿದೆ. "ಆಯ್ತು ಗುರು, ಆಯ್ತು," ಎಂದರು. ನನ್ನ ಸ್ವಂತ ದನಿಯಲ್ಲಿ ಹೇಳಿದ್ದು, ಕೇಳಿಸಿಕೊಳ್ಳುವವರು ಯಾರು? ಹುಕ್ಕುಗಳು ಹುಡುಗರ ಬೆನ್ನ ಹಿಂದೆ ಬಾಲದ ಹಾಗೆ ನೇತಾಡತೊಡಗಿದವು. ಕೆಲವರು ಬೆಲ್ಟನ್ನು ಕಂಬಕ್ಕೆ ತಗುಲಿಹಾಕಿ ಬರಿ ಸೊಂಟದಲ್ಲಿ ಹತ್ತತೊಡಗಿದರು.

ಒಂದು ಸಂಜೆ ಮೇಸ್ತ್ರಿಯನ್ನು ನಗಿಸೋಣವೆಂದು ಹೋಗಿ, ಸೈಟಿನವರನ್ನು ಒಬ್ಬೊಬ್ಬರಾಗಿ ಮಾಡಿ ತೋರಿಸುತ್ತಿದ್ದೆ. ಹಲಸೂರಿನವನ ಮಾತೂ ಬಂದುಬಿಟ್ಟಿತು, ಅವನ ದನಿಯಲ್ಲೇ. ಮೇಸ್ತ್ರಿಯ ನಗು ಅರ್ಧಕ್ಕೆ ನಿಂತಿತು.

"ಹುಕ್ ಹಾಕಾಕತ್ತಿಲ್ಲೇನು ಯಾರೂ?"

ಅವರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮಲಗಿದ್ದರು. ನಾನು ಎದ್ದು ಹೊರಡುವಷ್ಟರಲ್ಲಿ ಗಂಟಲಿನ ಲಾರಿ ಸ್ಟಾರ್ಟ್ ಆಯಿತು.

"ಹ್ಞಾಂ... ಸಣ್ಣ ಓನರ್ರೇ. ನಾ ಬಿದ್ದಿದ್ದು ಮಾಡಿ ತೋರ್ಸು ಅವರಿಗೆ."

"ಏನಂದ್ರಿ?"

"ನಾ ಹೇಳಿದ್ರ ಈಗ ಯಾರು ಕೇಳ್ತಾರ? ಬಿದ್ದವನ ಮಾತು. ನೀ ಮಾಡಿದ್ರ ನಗ್ತಾರ. ನಕ್ಕಿದ್ದು ಮಂದಿ ಮರಿಯಂಗಿಲ್ಲ."

ಒಲೆಯ ಮುಂದಿದ್ದ ಅಕ್ಕ ಸೌಟು ಹಿಡಿದೇ ಎದ್ದು ಬಂದರು. "ಏನ್ ಬುದ್ಧಿ ನಿಂದು? ಇಷ್ಟು ವರ್ಷ ಗಳಿಸಿದ್ದು ಮರ್ಯಾದಿ ಒಂದ. ಅದನ್ನೂ ನಾಕ್ ಮಂದಿ ಮುಂದ ಕುಣಿಸ್ತಿ? ಏ ತಮ್ಮಾ, ಮಾಡಬ್ಯಾಡ ನೀ."

ನಾನೂ ಆಗುವುದಿಲ್ಲ ಎಂದೆ. ಎಲ್ಲರನ್ನೂ ಅಣಕಿಸುವವನು ನಾನು ನಿಜ, ಆದರೆ ಒಬ್ಬ ಮನುಷ್ಯ ಗಾಳಿಯಲ್ಲಿ ಒಂದು ಕ್ಷಣ ನಿಂತದ್ದನ್ನು ನೋಡಿದ ಮೇಲೆ ಅದನ್ನು ಆಡಿ ತೋರಿಸುವುದು ಹೇಗೆ?

ಮೇಸ್ತ್ರಿ ಆಕೆಯ ಕಡೆ ನೋಡಿದರು. "ನಾಳೆ ಅವರಾಗ ಒಬ್ಬ ಬಿದ್ರ, ಅವನ ಹೆಂಡ್ತಿಗೆ ನನ್ನ ಮರ್ಯಾದಿ ಕೊಟ್ಟು ಬರ್ತೀಯೇನು?"

ಅಕ್ಕ ಒಲೆಯ ಕಡೆ ಹೋದರು.

ಹೀಗೆ ಆ ಮಂಚದ ಪಕ್ಕದಲ್ಲಿ ನಮ್ಮ ತಾಲೀಮು ಶುರುವಾಯಿತು. ನಾನು ಕಂಡ ಅತಿ ಕಟ್ಟುನಿಟ್ಟಿನ ಡೈರೆಕ್ಟರು ಅವರು. ಮೀಸೆ ಹೀಗೆ ತಿರುವು, ಎದೆ ಇನ್ನೂ ಉಬ್ಬಿಸು, ಎಲ್ಲರ ಬೆಲ್ಟನ್ನೂ ಬಗ್ಗಿಸಿ ಬಗ್ಗಿಸಿ ನೋಡು, ಆಮೇಲೆ ನಿನ್ನದನ್ನು ನೋಡದೆ ಜಂಬದಿಂದ ಹತ್ತು... ಮಲಗಿದಲ್ಲಿಂದಲೇ ಕೈಯಾಡಿಸಿ ಹೇಳಿಕೊಡುತ್ತಿದ್ದರು. ಹಳೇ ಬೆಲ್ಟನ್ನು ಕಬ್ಬಿಣದ ಕಟ್ಟಿನಿಂದ ಬಿಚ್ಚುವುದನ್ನು ಬಹಳ ಹೊತ್ತು ಮಾಡಬೇಕು ಎಂದರು. ಅದು ಎಲ್ಲರ ಕಣ್ಣಿಗೂ ಬೀಳಬೇಕು, ಬೆಲ್ಟು ಬೀಳಿಸಲಿಲ್ಲ, ಹಳೇ ಬೆಲ್ಟು ಬೀಳಿಸಿತು ಎಂಬುದು ತಲೆಗೆ ಇಳಿಯಬೇಕು.

ನಾನು ಗಾಳಿಯನ್ನು ಸೇರಿಸಿದ್ದೆ. ಬಾಯಲ್ಲೇ ಗಾಳಿಯ ಸದ್ದು ಮಾಡಿ, ಬೀಮಿನ ಕಿರ್ರೆನ್ನುವ ಸದ್ದು ಮಾಡಿ, ಗೋಡೆಯಾಚೆ ಒಲೆಯ ಮೇಲೆ ಎಣ್ಣೆಯಿಟ್ಟ ಹೆಂಗಸಿನ ದನಿಯನ್ನೂ ತಂದಿದ್ದೆ. ನನ್ನ ಪ್ರಕಾರ ಅದೇ ಇಡೀ ಆಟದ ಜೀವ.

"ಗಾಳಿ ತೆಗಿ," ಎಂದರು.

"ಯಾಕೆ? ನೀವು ಹತ್ತಿದ್ದೇ ಅದಕ್ಕಲ್ವಾ?"

"ಅದಕ್ಕ ತೆಗಿ ಅನ್ನಾಕತ್ತೀನಿ. ಗಾಳಿ ಬಂದ್ರ ನಾ ಹೀರೋ ಆಗ್ತೀನಿ. ನಮ್ಮ ಹುಡುಗ್ರು ಹೀರೋ ನೋಡಿದ್ರ ಸುಮ್ನ ಇರ್ತಾರೇನು? ನಾಳೆ ಒಬ್ಬ ಯಾರನ್ನೋ ಉಳಿಸಾಕ ಅಂತ ಹರಕ ಬೆಲ್ಟ್ ಕಟ್ಕೊಂಡು ಹತ್ತತಾನ. ಜನರನ್ನ ಎಳ್ಕೊಂಡು ಹೊರಗ ತರಬೇಕಿತ್ತು ನಾ. ಬೈಸ್ಕೊಂಡ್ರೂ ಅಡ್ಡಿ ಇದ್ದಿದ್ದಿಲ್ಲ. ನಾ ಮಾಡಿದ್ದು ದಡ್ಡತನ. ದಡ್ಡತನ ಅಷ್ಟ ತೋರ್ಸು."

"ಮತ್ತೆ ಅಕ್ಕನ ದೀಪ?"

"ಅದನ್ನೂ ತೆಗಿ. ಆಕಿ ಹೆಸರು ಎಲ್ಲಿಯೂ ಬರಬಾರ್ದು."

ಒಲೆಯ ಮುಂದೆ ಪಾತ್ರೆಯ ಸದ್ದು ನಿಂತಿತ್ತು. ಆಕೆ ಕೇಳಿಸಿಕೊಳ್ಳುತ್ತಿದ್ದರು.

ಗಾಳಿ ಹೋಯಿತು, ದೀಪ ಹೋಯಿತು, ಗೋಡೆಯಾಚೆಯ ಮನೆಗಳು ಹೋದವು. ಉಳಿದದ್ದು ಮೀಸೆ ತಿರುವುತ್ತಾ ಊರಿಗೆಲ್ಲ ಬುದ್ಧಿ ಹೇಳಿ, ತಾನು ಮಾತ್ರ ಕಬ್ಬಿಣ ಕಟ್ಟುವ ಹರಕು ಬೆಲ್ಟಿನಲ್ಲಿ ಹತ್ತಿ ದೊಪ್ಪನೆ ಬೀಳುವ ಒಬ್ಬ ಪೆದ್ದ.

ಆಡುವ ದಿನ ಅವರೇ ಆಟೋ ಮಾಡಿಸಿಕೊಂಡು ಸೈಟಿಗೆ ಬಂದರು. ಆಟೋದಿಂದ ಇಳಿಯಲಿಲ್ಲ, ಕಾಲು ಚಾಚಿ ಒಳಗೇ ಕುಳಿತಿದ್ದರು. ಹುಡುಗರು ಮೊದಲು ಅವರ ಕಡೆ ನೋಡಿ ನಗಲು ಹೆದರಿದರು. ನಾನು ಹಳೇ ಬೆಲ್ಟನ್ನು ಬಿಚ್ಚಲು ಒದ್ದಾಡುವ ಜಾಗಕ್ಕೆ ಬಂದಾಗ ಆಟೋದೊಳಗಿನಿಂದಲೇ ದೊಡ್ಡ ನಗು ಬಂತು. ಆಮೇಲೆ ಎಲ್ಲರೂ ಕಟ್ಟೆ ಒಡೆದ ಹಾಗೆ ನಕ್ಕರು. ಹಲಸೂರಿನವನು ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡ. ನಾನು ಮರಳಿನ ರಾಶಿಯ ಮೇಲಿನಿಂದ ಬಿದ್ದೆ, ಅಯ್ಯಯ್ಯೋ ಅವ್ವಾ ಎಂದು ಕಿರುಚಿದೆ, ಮತ್ತೂ ನಕ್ಕರು.

ಮುಗಿದ ಮೇಲೆ ಆಟೋದ ಬಳಿ ಹೋದೆ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುವಿನ ನೀರು ಎಂದುಕೊಂಡೆ.

"ಒಂದು ತಪ್ಪು ಮಾಡಿದಿ. ನಾ ಅವ್ವಾ ಅಂದಿದ್ದಿಲ್ಲ."

"ಮತ್ತೆ ಏನಂದ್ರಿ?"

"ಏನೂ ಅಂದಿದ್ದಿಲ್ಲ. ಉಸುರ ಇದ್ದಿದ್ದಿಲ್ಲ." ಒದ್ದೆ ಕೈಯನ್ನು ಅಂಗಿಗೆ ಒರೆಸಿ, "ಇರ್ಲಿ ಬಿಡು, ಅವ್ವಾ ಅಂದ್ರ ನಗು ಬರ್ತೈತಿ," ಎಂದರು.

ಅಷ್ಟರಲ್ಲಿ ಹಲಸೂರಿನವನು ಕಂಬಕ್ಕೆ ತಗುಲಿಸಿದ್ದ ತನ್ನ ಬೆಲ್ಟನ್ನು ಇಳಿಸಿಕೊಂಡು, ಪಟ್ಟಿಯನ್ನು ಹೆಬ್ಬೆರಳಿನ ಮೇಲೆ ಬಗ್ಗಿಸಿ ನೋಡುತ್ತಿದ್ದ. ತಮಾಷೆಗೆ, ಮೇಸ್ತ್ರಿಯನ್ನು ಅಣಕಿಸಲು ನೋಡುತ್ತಿದ್ದ. ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿದರು. ಅವನು ಒಂದು ಕಡೆ ಬೆರಳು ನಿಲ್ಲಿಸಿ, ನಗು ನಿಲ್ಲಿಸಿ, ಆ ಬೆಲ್ಟನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಂಡ. "ಹೊಡಿಯಪಾ ಆಟೋ," ಎಂದರು ಮೇಸ್ತ್ರಿ.

ಆ ಬೇಸಿಗೆಯಲ್ಲಿ ಅವರು ರೂಮು ಖಾಲಿ ಮಾಡಿ ಊರಿಗೆ ಹೋದರು. ಅಕ್ಕ ಹೊರಡುವಾಗ ನಮ್ಮಮ್ಮನಿಗೆ ಹೋಗಿ ಬರ್ತೀನಿ ಎಂದು ಹೇಳಿದರು, ನನಗೆ ಹೇಳಲಿಲ್ಲ. ನನಗೆ ಅದು ಅರ್ಥವಾಗುತ್ತದೆ. ಮೇಸ್ತ್ರಿ ಆಗಾಗ ಫೋನು ಮಾಡುತ್ತಿದ್ದರು. ಬೇರೇನೂ ಕೇಳುತ್ತಿರಲಿಲ್ಲ, "ಆಟ ನಡ್ಸೀಯೋ ಇಲ್ಲೋ?" ಎಂದಷ್ಟೇ. ನಡೆಸುತ್ತಿದ್ದೆ. ಒಂದು ಸೈಟಿನವರು ಇನ್ನೊಂದು ಸೈಟಿಗೆ ಹೇಳಿ, ಈಗ ನನ್ನ ಅನ್ನವೇ ಅದಾಗಿದೆ. ಕಂಪನಿಗಳವರು ಕರೆದು ಬೆಳಗಿನ ಮೀಟಿಂಗಿನಲ್ಲಿ ಆಡಿಸುತ್ತಾರೆ. ಶಿವಾಜಿನಗರದಲ್ಲಿ ನಾನು ಬೆಲ್ಟು ಕೊಳ್ಳಲು ಹೋದದ್ದೂ ಆಟಕ್ಕಾಗಿಯೇ.

ಹೋದ ಮಳೆಗಾಲದಲ್ಲಿ ಅವರ ನಂಬರಿನಿಂದ ಅಕ್ಕನ ಫೋನು ಬಂತು. ಜ್ವರ ಬಂದಿತ್ತು, ನಿಲ್ಲಲಿಲ್ಲ, ಹೋದರು ಎಂದರು. ನನ್ನ ಬಾಯಿಗೆ ಯಾವ ದನಿಯೂ ಬರಲಿಲ್ಲ. ಆಕೆಯೇ ಮುಂದುವರಿಸಿ ಕೇಳಿದರು. "ಈಗಾದ್ರೂ ಆಟದಾಗ ಗಾಳಿ ಸೇರಿಸ್ತೀಯೇನಪ್ಪಾ?"

ನಾನು ಹ್ಞೂಂ ಎಂದೆ...

ಬೆಲ್ಟು ಕೊಂಡ ಮರುದಿನ ಹೊರಮಾವಿನ ಒಂದು ಅಪಾರ್ಟ್‌ಮೆಂಟ್ ಸೈಟಿಗೆ ಹೋಗಿದ್ದೆ. ಸ್ವಲ್ಪ ಬೇಗ ತಲುಪಿದ್ದೆ. ಒಳಗೆ ಜೋರು ನಗು. ಒಬ್ಬ ಯುವಕ ವೆಲ್ಡರು, ಬೇರೆಲ್ಲೋ ನನ್ನ ಆಟ ನೋಡಿದ್ದವನಿಂದ ಕಲಿತವನಿರಬೇಕು, ಗೆಳೆಯರ ಮುಂದೆ ಮೇಸ್ತ್ರಿಯನ್ನು ಆಡುತ್ತಿದ್ದ. ಮೀಸೆಯನ್ನು ನನಗಿಂತ ಜೋರಾಗಿ ತಿರುವುತ್ತಿದ್ದ. "ಹ್ಞಾಂ" ಎನ್ನುವುದು ಅವನ ಬಾಯಲ್ಲಿ ಎಮ್ಮೆಯ ಕೂಗಾಗಿತ್ತು. ಮೇಸ್ತ್ರಿಯ ದನಿ ಅದರಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅವನು ಬಿದ್ದ, ಅವ್ವಾ ಎಂದ, ಎಲ್ಲರೂ ನಕ್ಕರು.

ನಾನು ಯಾರೆಂದು ಯಾರೋ ಹೇಳಿದರು. ಯುವಕ ನಾಚಿಕೊಂಡು ಮಣ್ಣು ಕೊಡವಿಕೊಂಡು ಬಂದ.

"ಸಾರ್, ಇದು ನಿಜವಾಗ್ಲೂ ನಡೆದಿದ್ದಾ? ಅಷ್ಟೊಂದು ಪೆದ್ದ ಇರ್ತಾರಾ ಯಾರಾದ್ರೂ?"

ಅಕ್ಕನಿಗೆ ಹ್ಞೂಂ ಎಂದದ್ದು ನಾಲಿಗೆಯ ತುದಿಗೆ ಬಂತು. ಸುತ್ತ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಯುವಕನ ಹಿಂದೆ ಏಣಿ ಇತ್ತು, ಮೇಲೆ ಬೀಮು ಕಾಯುತ್ತಿತ್ತು. ಅವನ ಸೊಂಟದಲ್ಲಿ ಬೆಲ್ಟು ಇತ್ತು, ಎರಡು ಹುಕ್ಕೂ ಇದ್ದವು. ಕಣ್ಣಿನಲ್ಲಿ, ಯಾರಾದರೂ ಒಂದು ಒಳ್ಳೆಯ ಕಾರಣ ಕೊಟ್ಟರೆ ಯಾವುದಕ್ಕೂ ಹಾರಿಬಿಡುವ ವಯಸ್ಸು ಇತ್ತು.

"ಇದ್ರು ಮಗಾ," ಎಂದೆ. "ನಂಗೆ ಗೊತ್ತಿದ್ರು."

ಅವನು ನಗುತ್ತಾ ಹತ್ತಿದ. ಮೇಲೆ ತಲುಪಿ ಒಂದು ಹುಕ್ಕು ಬೀಮಿಗೆ ಹಾಕಿ, ಎಳೆದು ನೋಡಿ, ಅದು ಹಿಡಿದ ಮೇಲಷ್ಟೇ ಏಣಿಗೆ ಹಾಕಿದ್ದ ಇನ್ನೊಂದನ್ನು ಬಿಚ್ಚಿದ.

ಅಕ್ಕನಿಗೆ ಕೊಟ್ಟ ಮಾತನ್ನು ಈ ಬರಹದಲ್ಲಿ ನಡೆಸಿದ್ದೇನೆ, ಓದುವವರು ನೆಲದ ಮೇಲೆ ಕುಳಿತವರು ಎಂಬ ಧೈರ್ಯದಿಂದ. ಸೈಟಿನ ಆಟದಲ್ಲಿ ಇವತ್ತಿನವರೆಗೂ ಹೇಳಿಲ್ಲ. ಹೇಳುವುದೂ ಇಲ್ಲ. ಆ ದಿನ ಗಾಳಿ ಬಹಳ ಜೋರಾಗಿತ್ತು. ಗೋಡೆಯಾಚೆ ಮನೆಗಳಿದ್ದವು, ಮನೆಗಳಲ್ಲಿ ಜನ ಇದ್ದರು.